ಸಪ್ಪೆ ಡಯಾಬಿಟಿಸ್ ಮತ್ತು ಕಡಲೆಕಾಳಿನಷ್ಟು ಗ್ರಂಥಿ

ಡಯಾಬಿಟಿಸ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಸಕ್ಕರೆ ಕಾಯಿಲೆ. ಆದರೆ ಸಕ್ಕರೆಗೂ ತನಗೂ ಸಂಬಂಧವೇ ಇಲ್ಲದ ಇನ್ನೊಂದು ಡಯಾಬಿಟಿಸ್ ಇದೆ, ಇನ್ಸಿಪಿಡಸ್ ಅಂತ. ಲ್ಯಾಟಿನ್ನಿನಲ್ಲಿ ಹಾಗಂದರೆ ಸಪ್ಪೆ. ಎಷ್ಟು ಕುಡಿದರೂ ದಾಹ ತೀರೋಲ್ಲ, ಗಂಟೆಗೊಮ್ಮೆ ಮೂತ್ರಕ್ಕೆ ಏಳಬೇಕು. ಪಿಟ್ಯುಟರಿ ಗ್ರಂಥಿಗೆ ಕ್ಯಾನ್ಸರ್ ಹರಡಿದ್ದನ್ನು ವೈದ್ಯರು ಗುರುತಿಸಲು ಕಲಿತ ಕಥೆಯಲ್ಲಿ ಈ ದಾಹಕ್ಕೆ ದೊಡ್ಡ ಪಾತ್ರವಿದೆ.

1857ರಲ್ಲಿ ಬೆಂಜಮಿನ್ ಎಂಬ ವೈದ್ಯ, ಮೆಲನೋಮ ಮೈಯೆಲ್ಲ ಹರಡಿ ಸತ್ತ ರೋಗಿಯ ಶವಪರೀಕ್ಷೆಯಲ್ಲಿ ಪಿಟ್ಯುಟರಿಯಲ್ಲೂ ಗಡ್ಡೆ ಕಂಡ. ಮೆದುಳಿನ ಬುಡದಲ್ಲಿರೋ ಈ ಕಡಲೆಕಾಳಿನಷ್ಟು ಗ್ರಂಥಿಯ ಕೆಲಸವೇನು ಅಂತಲೇ ಆಗ ಗೊತ್ತಿರಲಿಲ್ಲ!

1912ರಲ್ಲಿ ಜರ್ಮನಿಯ ಫ್ರಾಂಕ್, ತಲೆಗೆ ಹೊಕ್ಕ ಗುಂಡು ಪಿಟ್ಯುಟರಿಯ ಬಳಿ ಸಿಕ್ಕಿಕೊಂಡು ಸಪ್ಪೆ ಡಯಾಬಿಟಿಸ್ ಬಂದವನೊಬ್ಬನ ಬಗ್ಗೆ ಬರೆದ. ಮರುವರ್ಷ ಹ್ಯಾಂಬರ್ಗಿನ ಸಿಮಂಡ್ಸ್, ಸ್ತನ ಕ್ಯಾನ್ಸರ್ ಗ್ರಂಥಿಯ ಹಿಂಭಾಗಕ್ಕೆ ಹರಡಿ ಇದೇ ದಾಹ ಕಾಣಿಸಿಕೊಂಡ ಹೆಂಗಸಿನ ವಿವರ ಕೊಟ್ಟ. ಅದೇ 1913ರಲ್ಲೇ ಜರ್ಮನಿಯ ಫಾನ್ ಡೆನ್ ವೆಲ್ಡೆನ್, ಇಟಲಿಯ ಫರೀನಿ ಬೇರೆಬೇರೆಯಾಗಿ ಪ್ರಾಣಿಗಳ ಪಿಟ್ಯುಟರಿ ಹಿಂಭಾಗದ ಸಾರ ಚುಚ್ಚಿದರೆ ಮೂತ್ರ ಹತೋಟಿಗೆ ಬರುತ್ತೆ ಅಂತ ತೋರಿಸಿದರು. ಆ ಸಾರದೊಳಗಿದ್ದದ್ದು ವಾಸೊಪ್ರೆಸಿನ್.

ಹಿಂಭಾಗವೇ ಯಾಕೆ? ಮುಂಭಾಗಕ್ಕೆ ರಕ್ತ ಬಹುಪಾಲು ಹೈಪೋಥಲಮಸ್ ದಾಟಿ ಬಳಸಿ ಬರುತ್ತೆ. ಹಿಂಭಾಗಕ್ಕೆ ಅಪಧಮನಿಯಿಂದ ನೇರ ಬರುತ್ತೆ, ಕ್ಯಾನ್ಸರ್ ಕಣಗಳೂ ಅದೇ ದಾರಿ ಹಿಡೀತವೆ.

1950ರ ದಶಕದಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಹಾರ್ಮೋನು ನಿಂತರೆ ಸ್ತನ ಕ್ಯಾನ್ಸರ್ ಸೊರಗುತ್ತೆ ಅಂತ ಸ್ಟಾಕ್‌ಹೋಮಿನ ಲುಫ್ಟ್ ಮತ್ತು ಒಲಿವೆಕ್ರೋನ ಪಿಟ್ಯುಟರಿಯನ್ನೇ ತೆಗೆಯತೊಡಗಿದರು. ಬೇರೆಡೆಯೂ ಇದು ರೂಢಿಗೆ ಬಂತು. ಹಾಗೆ ತೆಗೆದ ಗ್ರಂಥಿಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ, ಹಲವದರಲ್ಲಿ ಕ್ಯಾನ್ಸರ್ ಆಗಲೇ ಬಂದು ಕೂತಿತ್ತು! 1975ರಲ್ಲಿ ಟಿಯರ್ಸ್ ಮತ್ತು ಸಿಲ್ವರ್‌ಮನ್ ಇಂಥ 88 ಪ್ರಕರಣ ಪರಿಶೀಲಿಸಿದಾಗ, ಬದುಕಿದ್ದಾಗ ಅದರಿಂದ ತೊಂದರೆ ಕಾಣಿಸಿಕೊಂಡವರು ಬೆರಳೆಣಿಕೆಯಷ್ಟೇ ಇದ್ದರು.

ಈಗ ಎಂಆರ್‌ಐ ಇದೆಯಲ್ಲ ಅಂತೀರಾ? ನಮ್ಮ ಚಿಕ್ಕಮ್ಮನ ಸ್ತನ ಕ್ಯಾನ್ಸರ್ ಆಪರೇಷನ್ ಆಗಿ ಆರು ವರ್ಷವಾಗಿತ್ತು. ಸುಸ್ತು, ಊಟ ಸೇರೋಲ್ಲ. ವಯಸ್ಸಿನದು ಅಂದುಕೊಂಡೆವು. ಕಾರ್ಟಿಸಾಲ್ ಕಮ್ಮಿ ಅಂತ ಗೊತ್ತಾಗಿ ಸ್ಟಿರಾಯ್ಡ್ ಕೊಟ್ಟ ಮೇಲೆ ದಾಹ ಶುರು. ಮಂಚದ ಪಕ್ಕ ಎರಡು ಚೊಂಬು ನೀರಿಟ್ಟರೂ ಬೆಳಗಿನತನಕ ಸಾಲುತ್ತಿರಲಿಲ್ಲ. ಕಾರ್ಟಿಸಾಲ್ ಇಲ್ಲದಿದ್ದಾಗ ಈ ಡಯಾಬಿಟಿಸ್ ಅಡಗಿರುತ್ತಂತೆ! ಸ್ಕ್ಯಾನಿನಲ್ಲಿ ಗಂಟು ಕಂಡಿತು, ಆದರೆ ಯಾವ ಗಂಟು? ಅಪಾಯವಿಲ್ಲದ ಅಡಿನೋಮಗಳು ಎಷ್ಟೋ ಜನರಲ್ಲಿರುತ್ತವೆ, ಚಿತ್ರದಲ್ಲಿ ಎರಡೂ ಒಂದೇ ಥರ ಕಾಣಬಹುದು. ಆದರೆ ಅಡಿನೋಮ ಈ ದಾಹ ತರೋದು ತೀರಾ ಅಪರೂಪ. ಡಾಕ್ಟರು ಅನುಮಾನಪಟ್ಟಿದ್ದು ಅದರಿಂದಲೇ. ಖಚಿತವಾಗಬೇಕಾದರೆ ಬಯಾಪ್ಸಿ ಬೇಕು, ಎಲ್ಲರ ದೇಹ ಅದನ್ನು ತಡೆಯೋಲ್ಲ. ಇಮ್ಯುನೋಥೆರಪಿ ಪಡೆದವರಲ್ಲಿ ಔಷಧದಿಂದಲೇ ಗ್ರಂಥಿ ಊದಿಕೊಳ್ಳೋದೂ ಉಂಟು, ಅದೊಂದು ಹೊಸ ಗೊಂದಲ.

2022ರಲ್ಲಿ ತಜ್ಞರು ಈ ಕಾಯಿಲೆಯ ಹೆಸರನ್ನೇ ಬದಲಿಸಿ 'ಅರ್ಜಿನೈನ್ ವಾಸೊಪ್ರೆಸಿನ್ ಕೊರತೆ' ಅಂತ ಇಟ್ಟರು. ಡಯಾಬಿಟಿಸ್ ಅನ್ನೋ ಪದ ಕೇಳಿ ಸಕ್ಕರೆ ಕಾಯಿಲೆ ಅಂದುಕೊಂಡು, ಬೇಕಾದ ಔಷಧ ಕೊಡದೆ ಪ್ರಾಣಕ್ಕೇ ಕುತ್ತು ಬಂದ ಉದಾಹರಣೆಗಳಿದ್ದವು.

ಮನೆಯಲ್ಲಿ ಯಾರಿಗಾದರೂ ಹಿಂದೆಂದೋ ಕ್ಯಾನ್ಸರ್ ಆಗಿದ್ದು, ಈಗ ಸಕ್ಕರೆ ಸರಿಯಿದ್ದೂ ದಾಹ ತೀರದಿದ್ದರೆ, ಆ ಹಳೇ ಫೈಲನ್ನೂ ತೆಗೆದುಕೊಂಡು ಡಾಕ್ಟರ ಹತ್ತಿರ ಹೋಗಿ.