ಸೂಲಗಿತ್ತಿಯಿಂದ ಸಿಸ್ಟರ್‌ವರೆಗೆ

ರೋಗಿಯ ಸೇವೆ ಮಾಡುವ ಹೆಂಗಸಿಗೆ ನಮ್ಮ ಭಾಷೆಯಲ್ಲಿ ಹೆಸರುಗಳ ಕೊರತೆಯೇನೂ ಇಲ್ಲ. ಹೆರಿಗೆ ಮಾಡಿಸಿದರೆ ಸೂಲಗಿತ್ತಿ, ಮಗುವನ್ನು ಎತ್ತಿ ಆಡಿಸಿ ಸಾಕಿದರೆ ದಾದಿ, ಪುಸ್ತಕದಲ್ಲಿ ಬರೆಯುವಾಗ ಶುಶ್ರೂಷಕಿ. ಆದರೆ ಆಸ್ಪತ್ರೆಯ ವಾರ್ಡಿನಲ್ಲಿ ಸಲೈನ್ ಬಾಟಲಿ ಖಾಲಿಯಾದಾಗ ನಮ್ಮ ಬಾಯಿಂದ ಹೊರಡುವುದು ಒಂದೇ ಕೂಗು: "ಸಿಸ್ಟರ್!" ಈ ಶಬ್ದ ನಮ್ಮಲ್ಲಿಗೆ ಹಡಗು ಹತ್ತಿ ಬಂದದ್ದು. ಅದರ ಜೊತೆಯಲ್ಲೇ ಬಿಳಿ ಟೋಪಿ, ಥರ್ಮಾಮೀಟರ್, ಕಾಲ ಬುಡದ ಚಾರ್ಟು, ನೈಟ್ ಡ್ಯೂಟಿ ಎಲ್ಲವೂ ಬಂದವು. ಹೀಗೆ ಬಂದ ವಿದ್ಯೆಯನ್ನು ನಾವು ಹೇಗೆ ನಮ್ಮದು ಮಾಡಿಕೊಂಡೆವು, ಅದಕ್ಕೆ ನಮ್ಮ ಕಡೆಯಿಂದ ಏನು ಸೇರಿಸಿದೆವು ಎಂಬುದು ಇತಿಹಾಸದ ಪಾಠದಲ್ಲಿ ಬರುವುದಿಲ್ಲ. ಮೂವತ್ತು ವರ್ಷ ಆ ಪಾಠವನ್ನೇ ಮಾಡುತ್ತಿರುವ ನನಗೆ ಅದು ಒಂದು ದೊಡ್ಡ ಕೊರತೆಯಾಗಿ ಕಾಣುತ್ತದೆ.

ಫ್ಲಾರೆನ್ಸ್ ನೈಟಿಂಗೇಲ್ ಹೆಸರನ್ನು ಮಕ್ಕಳೂ ಬಲ್ಲರು. ದೀಪ ಹಿಡಿದ ಮಹಿಳೆ ಎಂದು ಒಂದು ಸಾಲಿನಲ್ಲಿ ಹೇಳಿ ಮುಗಿಸಿಬಿಡುತ್ತೇವೆ. ಆಕೆಯ ದೊಡ್ಡ ಕೆಲಸ ದೀಪದ್ದಲ್ಲ, ಶಾಲೆಯದು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ನರ್ಸಿಂಗ್ ಶಾಲೆ ಆರಂಭವಾಯಿತು. ರೋಗಿಯ ಆರೈಕೆ ಕಲಿತು ಮಾಡಬೇಕಾದ ವಿದ್ಯೆ ಎಂದು ಅದು ಜಗತ್ತಿಗೆ ತೋರಿಸಿತು. ಅಲ್ಲಿಂದ ಆ ವಿದ್ಯೆ ಊರೂರು ತಿರುಗಿತು. 1868ರಲ್ಲಿ ಲೂಸಿ ಆಸ್ಬರ್ನ್ ಐವರು ನರ್ಸುಗಳೊಂದಿಗೆ ಸಿಡ್ನಿಗೆ ಹೋದರು. 1886ರಲ್ಲಿ ಅಮೆರಿಕದ ಲಿಂಡಾ ರಿಚರ್ಡ್ಸ್ ಜಪಾನಿನ ಕ್ಯೋಟೋಗೆ ಹೋಗಿ ಅಲ್ಲಿನ ಹೆಣ್ಣುಮಕ್ಕಳಿಗೆ ಕಲಿಸಿದರು. 1888ರಲ್ಲಿ ಹತ್ತು ಮಂದಿ ತರಬೇತಾದ ನರ್ಸುಗಳು ಬ್ರಿಟನ್ನಿನಿಂದ ಬಂದು ಮುಂಬಯಿಯಲ್ಲಿ ಇಳಿದರು. ಆದರೆ ಅವರು ಬಂದದ್ದು ಬ್ರಿಟಿಷ್ ಸೈನಿಕರ ಆರೈಕೆಗೆ, ನಮ್ಮ ಅಜ್ಜಿಯಂದಿರ ಆರೈಕೆಗಲ್ಲ. ನೈಟಿಂಗೇಲ್ ಭಾರತದ ನೀರು, ಚರಂಡಿ, ಬ್ಯಾರಕ್ಕುಗಳ ಬಗ್ಗೆ ದಶಕಗಳ ಕಾಲ ಬರೆದರೂ ಒಮ್ಮೆಯೂ ಈ ನೆಲಕ್ಕೆ ಕಾಲಿಡಲಿಲ್ಲ.

1905ರಲ್ಲಿ ಲಕ್ನೋದಲ್ಲಿ ನರ್ಸಿಂಗ್ ಮೇಲ್ವಿಚಾರಕಿಯರು ಒಂದು ಸಂಘ ಕಟ್ಟಿಕೊಂಡರು. ಒಂಬತ್ತು ಸದಸ್ಯೆಯರು, ಅವರೆಲ್ಲ ಯೂರೋಪಿನವರು. 1908ರಲ್ಲಿ ಭಾರತದ ತರಬೇತಾದ ನರ್ಸುಗಳ ಸಂಘ ಹುಟ್ಟಿತು. ಅಂತರರಾಷ್ಟ್ರೀಯ ನರ್ಸುಗಳ ಮಂಡಳಿ 1899ರಲ್ಲೇ ಸ್ಥಾಪನೆಯಾಗಿತ್ತು. 1912ರಲ್ಲಿ ನಮ್ಮ ಸಂಘ ಅದನ್ನು ಸೇರಿತು. ಬಹುತೇಕ ದೇಶಗಳಲ್ಲಿ ಹೆಣ್ಣುಮಕ್ಕಳಿಗೆ ಮತದಾನದ ಹಕ್ಕೇ ಇಲ್ಲದ ಕಾಲದಲ್ಲಿ ದೇಶದೇಶಗಳ ಹೆಂಗಸರು ತಮ್ಮ ಕಸುಬಿನ ಹೆಸರಿನಲ್ಲಿ ಒಂದು ಮಂಡಳಿ ಕಟ್ಟಿಕೊಂಡದ್ದು ಸಣ್ಣ ಮಾತಲ್ಲ. 1920ರಿಂದ ರೆಡ್‌ಕ್ರಾಸ್ ಸಂಘಗಳ ಒಕ್ಕೂಟದ ನೆರವಿನಿಂದ ಲಂಡನ್ನಿನಲ್ಲಿ ಬೇರೆ ಬೇರೆ ದೇಶಗಳ ನರ್ಸುಗಳಿಗೆಂದೇ ವ್ಯಾಸಂಗ ನಡೆಯತೊಡಗಿತು. ಮೊದಲ ಮಹಾಯುದ್ಧ ಮುಗಿದು ಎರಡು ವರ್ಷವೂ ಆಗಿರಲಿಲ್ಲ. ಗಂಡಸರು ಬಂದೂಕು ಕೆಳಗಿಟ್ಟ ಊರುಗಳಿಂದ ಹೆಂಗಸರು ಪುಸ್ತಕ ಹಿಡಿದು ಹೊರಟಿದ್ದರು.

ನಮ್ಮ ನೆರೆಯ ವೆಲ್ಲೂರಿನದು ಇನ್ನೊಂದು ಕಥೆ. ಅಮೆರಿಕದ ಡಾಕ್ಟರ್ ಐಡಾ ಸ್ಕಡರ್ ಅಲ್ಲಿ ಹೆಂಗಸರಿಗಾಗಿ ಆಸ್ಪತ್ರೆ ನಡೆಸುತ್ತಿದ್ದರು. ಡಾಕ್ಟರು ಔಷಧ ಬರೆದುಕೊಟ್ಟರೆ ಸಾಲದು, ರಾತ್ರಿಯೆಲ್ಲ ರೋಗಿಯ ಪಕ್ಕದಲ್ಲಿ ಇರುವವರು ಬೇಕು. 1909ರಲ್ಲಿ ಅಲ್ಲಿ ನರ್ಸಿಂಗ್ ಶಾಲೆ ಆರಂಭವಾಯಿತು. ಕಲಿಸಲು ಅಮೆರಿಕದಿಂದ ಡೀಲಿಯಾ ಹೌಟನ್ ಬಂದರು. ಕಲಿಸುವವರು ಸಿಕ್ಕರು, ಆದರೆ ಕಲಿಯುವ ಹುಡುಗಿಯರು ಸಿಗುವುದು ಎಷ್ಟು ಕಷ್ಟ ಎಂದು ನಾವು ಊಹಿಸಬಹುದು. ಪರಪುರುಷರ ಮೈ ಮುಟ್ಟಬೇಕು, ಬೇರೆ ಜಾತಿಯವರ ಮಲಮೂತ್ರ ಬಳಿಯಬೇಕು, ರಾತ್ರಿ ಮನೆಯಿಂದ ಹೊರಗಿರಬೇಕು. ಇವುಗಳಲ್ಲಿ ಒಂದು ಸಾಕಿತ್ತು, ಹುಡುಗಿಯ ಮದುವೆ ನಿಲ್ಲಲು.

ಸ್ವಾತಂತ್ರ್ಯ ಬರುವ ಹೊತ್ತಿಗೆ ಪರಿಸ್ಥಿತಿ ಹೇಗಿತ್ತೆಂಬುದನ್ನು 1946ರ ಭೋರ್ ಸಮಿತಿಯ ವರದಿ ಹೇಳುತ್ತದೆ. ಬ್ರಿಟಿಷ್ ಇಂಡಿಯಾದಲ್ಲಿ ಇದ್ದ ನರ್ಸುಗಳು ಸುಮಾರು 7,000, ಅಂದರೆ 43,000 ಜನರಿಗೆ ಒಬ್ಬರು. ಬ್ರಿಟನ್ನಿನಲ್ಲಿ ಆಗ 300 ಜನರಿಗೆ ಒಬ್ಬ ನರ್ಸ್. ಈ ಎರಡು ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಪಕ್ಕಪಕ್ಕದಲ್ಲಿ ಬರೆದರೆ ಸಾಕು, ಬೇರೆ ವಿವರಣೆ ಬೇಕಿಲ್ಲ. ಅದೇ 1946ರಲ್ಲಿ ದೆಹಲಿಯಲ್ಲಿ ಮತ್ತು ವೆಲ್ಲೂರಿನಲ್ಲಿ ನರ್ಸಿಂಗ್ ಪದವಿ ಶಿಕ್ಷಣ ಆರಂಭವಾಯಿತು. ದೆಹಲಿಯ ಕಾಲೇಜಿಗೆ ಪ್ರಿನ್ಸಿಪಾಲರಾದವರು ಅಮೆರಿಕದ ಮಾರ್ಗರೆಟಾ ಕ್ರೇಗ್. 1947ರಲ್ಲಿ ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯಿದೆ ಬಂತು. 1959ರಲ್ಲಿ ದೆಹಲಿಯಲ್ಲಿ ಸ್ನಾತಕೋತ್ತರ ಶಿಕ್ಷಣ ಶುರುವಾಯಿತು. ಆ ಕಾಲೇಜಿಗೆ ನಮ್ಮ ಮೊದಲ ಆರೋಗ್ಯಮಂತ್ರಿ ರಾಜಕುಮಾರಿ ಅಮೃತ್ ಕೌರ್ ಅವರ ಹೆಸರಿಟ್ಟಿದ್ದಾರೆ. ಶಿಮ್ಲಾದಲ್ಲಿದ್ದ ತಮ್ಮ ಮನೆಯನ್ನು ಆಕೆ ಏಮ್ಸ್ ಆಸ್ಪತ್ರೆಯ ನರ್ಸುಗಳು ಮತ್ತು ಸಿಬ್ಬಂದಿಯ ವಿಶ್ರಾಂತಿಗೆಂದು ಬಿಟ್ಟುಕೊಟ್ಟರು. ದುಡಿಯುವ ಹೆಣ್ಣಿಗೆ ವಿಶ್ರಾಂತಿಯೂ ಬೇಕು ಎಂಬುದು ಆ ರಾಜಮನೆತನದ ಹೆಣ್ಣುಮಗಳಿಗೆ ಹೊಳೆದಿತ್ತು!

ಈಗ ನಮ್ಮ ಬೆಂಗಳೂರಿಗೆ ಬರುತ್ತೇನೆ. ಹುಚ್ಚರ ಆಸ್ಪತ್ರೆ ಎಂದು ಜನ ಮೂಗು ಮುರಿಯುತ್ತಿದ್ದ ಕಾಲದಲ್ಲಿ, ಮಾನಸಿಕ ರೋಗಿಗಳ ಆರೈಕೆಗೆ ತರಬೇತಾದ ನರ್ಸುಗಳು ದೇಶದಲ್ಲಿ ಇಲ್ಲವೆನ್ನುವಷ್ಟು ವಿರಳ. 1948ರಿಂದ 1950ರ ಅವಧಿಯಲ್ಲಿ ಭಾರತ ಸರ್ಕಾರ ನಾಲ್ವರು ನರ್ಸುಗಳನ್ನು ಈ ವಿದ್ಯೆ ಕಲಿಯಲು ಬ್ರಿಟನ್ನಿಗೆ ಕಳಿಸಿತು. ಇಡೀ ದೇಶಕ್ಕೆ ಕೇವಲ ನಾಲ್ವರು! 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಆ ದಶಕದ ನಡುವಿನಲ್ಲೇ ಅಲ್ಲಿ ಮನೋರೋಗ ಶುಶ್ರೂಷೆಯ ಒಂದು ವರ್ಷದ ವ್ಯಾಸಂಗ ಶುರುವಾಯಿತು. ಈ ಸಂಸ್ಥೆ ಮತ್ತು ಹಳೆಯ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆ ಒಂದಾಗಿ 1974ರಲ್ಲಿ ಆದದ್ದೇ ನಿಮ್ಹಾನ್ಸ್. ವಿಮಾನ, ಹಡಗು ಹತ್ತಿ ಹೋಗಿ ಕಲಿಯಬೇಕಾಗಿದ್ದ ವಿದ್ಯೆಯನ್ನು ಈಗ ರೈಲು ಹತ್ತಿ ಬಂದು ಕಲಿಯಬಹುದಾಯಿತು.

ಆದರೆ ಬ್ರಿಟನ್ನಿನ ವಿದ್ಯೆ ನಮ್ಮ ವಾರ್ಡಿಗೆ ಹಾಗೆಹಾಗೇ ಒಗ್ಗುವಂಥದಾಗಿರಲಿಲ್ಲ. ಅಲ್ಲಿನ ಪದ್ಧತಿಯಲ್ಲಿ ಮಾನಸಿಕ ರೋಗಿಯನ್ನು ಮನೆಯವರಿಂದ ದೂರವಿಟ್ಟು ಚಿಕಿತ್ಸೆ ಮಾಡುತ್ತಿದ್ದರು. ನಮ್ಮಲ್ಲಿ ರೋಗಿಯೊಬ್ಬನನ್ನು ಸೇರಿಸಿದರೆ ಅವನ ಹಿಂದೆ ತಾಯಿ, ಹೆಂಡತಿ, ಊಟದ ಕ್ಯಾರಿಯರು ಹಿಡಿದ ಭಾವಮೈದ ಎಲ್ಲರೂ ಬರುತ್ತಾರೆ. ಇದನ್ನು ತೊಂದರೆ ಎಂದು ತಿಳಿಯದೆ ಬಲ ಎಂದು ತಿಳಿದವರು ಅಮೃತಸರದ ಮಾನಸಿಕ ಆಸ್ಪತ್ರೆಯ ಡಾಕ್ಟರ್ ವಿದ್ಯಾಸಾಗರ್. 1950ರ ದಶಕದಲ್ಲಿ ಅವರು ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ, ರೋಗಿಯ ಜೊತೆ ಮನೆಯವರನ್ನೂ ಇರಿಸಿಕೊಂಡರು. ಮುಂದೆ ವೆಲ್ಲೂರಿನಲ್ಲೂ ನಿಮ್ಹಾನ್ಸ್‌ನಲ್ಲೂ ಕುಟುಂಬದವರು ಜೊತೆಗಿರುವ ವ್ಯವಸ್ಥೆ ಬೆಳೆಯಿತು. ಇಂಥಲ್ಲಿ ನರ್ಸಿನ ಕೆಲಸವೇ ಬೇರೆಯಾಗುತ್ತದೆ. ಮಾತ್ರೆ ಕೊಟ್ಟು ಹೋದರೆ ಸಾಲದು; ಗುಣವಾದ ಮಗನನ್ನು ಮತ್ತೆ ಕೋಣೆಯಲ್ಲಿ ಕೂಡಿಹಾಕಬೇಡಿ ಎಂದು ತಾಯಿಗೆ ಹೇಳಬೇಕು, ಮಾತ್ರೆ ನಿಲ್ಲಿಸಬೇಡಿ ಎಂದು ಹೆಂಡತಿಗೆ ತಿಳಿಸಬೇಕು. ಅವಳು ಅರ್ಧ ನರ್ಸ್, ಅರ್ಧ ಮೇಷ್ಟರು. ಹೊರದೇಶದ ಪುಸ್ತಕದಲ್ಲಿ ಇಲ್ಲದ ಈ ಪಾಠವನ್ನು ನಾವೇ ಬರೆದುಕೊಂಡೆವು.

ಸ್ವಂತ ಪಾಠ ಬರೆದುಕೊಳ್ಳಲು ಸಂಶೋಧನೆ ಬೇಕು. 2005ರ ಸುಮಾರಿಗೆ ಭಾರತೀಯ ನರ್ಸಿಂಗ್ ಕೌನ್ಸಿಲ್, ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ ನರ್ಸಿಂಗ್‌ನಲ್ಲಿ ಪಿಎಚ್.ಡಿ. ಮಾಡಲು ರಾಷ್ಟ್ರೀಯ ಒಕ್ಕೂಟ ಕಟ್ಟಿದವು. ಡಾಕ್ಟರ ಹಿಂದೆ ಟ್ರೇ ಹಿಡಿದು ನಿಲ್ಲುವವಳು ಎಂದು ನಾವು ನೋಡುತ್ತಿದ್ದ ಹೆಣ್ಣುಮಗಳೂ ಈಗ ತನ್ನ ವಿದ್ಯೆಯಲ್ಲಿ ತಾನೇ ಡಾಕ್ಟರು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಜಾಣ ಹುಡುಗಿಯೊಬ್ಬಳನ್ನು ನರ್ಸಿಂಗ್‌ಗೆ ಕಳಿಸಿ ಎಂದರೆ, "ಬೇಡಿ ಟೀಚರ್, ನಾಳೆ ಯಾರು ಮಾಡ್ಕೋತಾರೆ?" ಎನ್ನುತ್ತಿದ್ದರು ತಂದೆತಾಯಿ. ಈಗ ಅದೇ ಬೀದಿಯ ಜನ, "ಟೀಚರ್, ನರ್ಸಿಂಗ್ ಮಾಡಿದ್ರೆ ಫಾರಿನ್‌ಗೆ ಹೋಗಬಹುದಂತೆ, ಹೌದೇ?" ಎಂದು ಕೇಳುತ್ತಾರೆ. ಸಾಲ ಮಾಡಿ ಓದಿಸುತ್ತಾರೆ. ನನ್ನ ಒಬ್ಬ ವಿದ್ಯಾರ್ಥಿನಿ ಹೀಗೆ ಓದಿ, ಒಂದು ಖಾಸಗಿ ಆಸ್ಪತ್ರೆಯಲ್ಲಿ ಎರಡು ವರ್ಷ ದುಡಿದಳು. ಬರುತ್ತಿದ್ದ ಸಂಬಳದಲ್ಲಿ ಹಾಸ್ಟೆಲ್ ಬಾಡಿಗೆ ಕಳೆದರೆ ಸಾಲದ ಕಂತಿಗೆ ಉಳಿಯುತ್ತಿರಲಿಲ್ಲ. ಈಗ ಗಲ್ಫಿನಲ್ಲಿದ್ದಾಳೆ. ಅಪ್ಪನ ಸಾಲ ತೀರಿಸಿ, ತಮ್ಮನನ್ನು ಓದಿಸುತ್ತಿದ್ದಾಳೆ. ಅವಳು ಹೋದದ್ದು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಆದರೂ ಲೆಕ್ಕ ಹಾಕಬೇಕಾದ ಮಾತೊಂದಿದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ, ನೈಟಿಂಗೇಲ್ ಹುಟ್ಟಿ 200 ವರ್ಷ ತುಂಬಿದ ವರ್ಷದಲ್ಲಿ, ಜಗತ್ತಿನ ನರ್ಸುಗಳ ಬಗ್ಗೆ ವರದಿ ಹೊರತಂದಿತು. ಇದ್ದವರು 2.79 ಕೋಟಿ, ಇನ್ನೂ ಬೇಕಾದವರು 59 ಲಕ್ಷ. ಕೊರತೆಯ ಬಹುಪಾಲು ಬಡದೇಶಗಳಲ್ಲಿ. ಅಂಥ ಕಡೆಯಿಂದ ಶ್ರೀಮಂತ ದೇಶಗಳು ಮನಬಂದಂತೆ ನರ್ಸುಗಳನ್ನು ಸೆಳೆದುಕೊಳ್ಳಬಾರದೆಂದು 2010ರಲ್ಲೇ ಒಂದು ನೀತಿಸಂಹಿತೆ ಒಪ್ಪಿಕೊಂಡಿದ್ದಾರೆ. ಆದರೆ ಅದು ಕಾನೂನಲ್ಲ, ಒಪ್ಪಿದವರ ಮನಸ್ಸಾಕ್ಷಿಗೆ ಬಿಟ್ಟದ್ದು. 1909ರಲ್ಲಿ ಕಲಿಸುವವರು ಅಲ್ಲಿಂದ ಇಲ್ಲಿಗೆ ಬಂದರು. ಈಗ ಕಲಿತವರು ಇಲ್ಲಿಂದ ಅಲ್ಲಿಗೆ ಹೋಗುತ್ತಿದ್ದಾರೆ. ಕೊಡುಕೊಳ್ಳುವಿಕೆ ಎಂದರೆ ಎರಡು ಕೈಗಳ ಮಾತು. ಒಂದು ಮನೆಯ ಹೆಣ್ಣುಮಗಳನ್ನು ಕರೆದುಕೊಂಡು ಹೋದವರು ಆ ಮನೆಯ ಯೋಗಕ್ಷೇಮ ವಿಚಾರಿಸಬೇಡವೆ? ಅವಳನ್ನು ಓದಿಸಿದ ಶಾಲೆಗೆ, ಬರಿದಾದ ವಾರ್ಡಿಗೆ ಏನಾದರೂ ಮರಳಿ ಬರಬೇಡವೆ?

ಪಾವಗಡದ ಸೂಲಗಿತ್ತಿ ನರಸಮ್ಮನವರನ್ನು ನೆನೆಯದೆ ಈ ಮಾತು ಪೂರ್ತಿಯಾಗದು. ಶಾಲೆಯ ಮೆಟ್ಟಿಲು ಹತ್ತದ ಆಕೆ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದರು. 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷ ತೀರಿಕೊಂಡರು. ಲಂಡನ್ನಿನ ಶಾಲೆಯೂ ಪಾವಗಡದ ಗುಡಿಸಲೂ ಕಲಿಸಿದ್ದು ಒಂದನ್ನೇ: ನೋವಿನಲ್ಲಿರುವವರ ಪಕ್ಕದಲ್ಲಿ ಒಬ್ಬ ತಿಳಿದವಳು ಇರಬೇಕು. ಆ ತಿಳಿದವಳು ತನ್ನೂರಿನಲ್ಲೇ ಮರ್ಯಾದೆಯ ಸಂಬಳ ಪಡೆದು ಬಾಳುವಂತಾದರೆ, ಆಮೇಲೆ ಹೊರದೇಶಕ್ಕೆ ಹೋಗುವುದೋ ಇಲ್ಲಿ ಉಳಿಯುವುದೋ ಅವಳ ಇಷ್ಟ. ಇಂದು ಎಷ್ಟೋ ಜನರಿಗೆ ಅದು ಇಷ್ಟವಲ್ಲ, ಅನಿವಾರ್ಯ. ಅದನ್ನು ಬದಲಿಸುವುದು ನಮ್ಮ ಕೈಯಲ್ಲೂ ಸ್ವಲ್ಪ ಇದೆ. ಆಸ್ಪತ್ರೆಯ ಬಿಲ್ಲಿನಲ್ಲಿ ಡಾಕ್ಟರ ಫೀಜನ್ನು ಮರುಮಾತಿಲ್ಲದೆ ಕೊಡುವ ನಾವು, ರಾತ್ರಿಯಿಡೀ ಎಚ್ಚರವಿದ್ದವಳ ಕೈಗೆ ಎಷ್ಟು ಸೇರುತ್ತದೆ ಎಂದು ಒಮ್ಮೆಯಾದರೂ ಕೇಳಬೇಕು.