ಕಡೂರು ಜಿಲ್ಲೆಯ ಕಾಫಿ ಮತ್ತು ಬ್ರಿಟನ್ನಿನ ಎರಡು ಮಾರುಕಟ್ಟೆಗಳು: ಒಂದು ಟಿಪ್ಪಣಿ

ಹಳೆಯ ಸಾಮ್ರಾಜ್ಯದ ಇಂಗ್ಲಿಷ್ ಬಳಗದ ಜೊತೆ ವ್ಯಾಪಾರ ಬೆಳೆಸಬೇಕೋ, ನೆರೆಯ ಯೂರೋಪಿನ ಜೊತೆ ಸೇರಿಕೊಳ್ಳಬೇಕೋ ಎಂಬ ವಾದ ಬ್ರಿಟನ್ನಿನಲ್ಲಿ ಶತಮಾನ ಕಾಲದಿಂದ ನಡೆದಿದೆ. 1932ರ ಒಟ್ಟಾವ ಒಪ್ಪಂದಗಳು, 1973ರಲ್ಲಿ ಯೂರೋಪಿಯನ್ ಆರ್ಥಿಕ ಸಮುದಾಯಕ್ಕೆ ಸೇರ್ಪಡೆ, 2020ರಲ್ಲಿ ಹೊರಬಂದದ್ದು ಇವು ಆ ವಾದದ ಮುಖ್ಯ ತಿರುವುಗಳು. ಈ ತಿರುವುಗಳಲ್ಲಿ ನಮ್ಮ ಜಿಲ್ಲೆಯ ಕಾಫಿಗೆ ಏನಾಯಿತು ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಆಕರಗಳ ಬಗ್ಗೆ ಮೊದಲೇ ಒಂದು ಎಚ್ಚರಿಕೆ. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆ ಎಂದೇ ಹೆಸರು. ಹಾಗಾಗಿ ಹಳೆಯ ಮೈಸೂರು ವರದಿಗಳು ‘ಕಡೂರಿನ ಕಾಫಿ’ ಎಂದಾಗ ಅದನ್ನು ಇಂದಿನ ಕಡೂರು ತಾಲ್ಲೂಕಿಗೆ ಹೊಂದಿಸಬಾರದು. ಆ ತಾಲ್ಲೂಕಿನ ಹಿರೇನಲ್ಲೂರು ಹೋಬಳಿ ಬಯಲುಸೀಮೆ. ಇಲ್ಲಿ ರಾಗಿ, ತೆಂಗು ಬೆಳೆಯುತ್ತವೆ, ಕೊಬ್ಬರಿ ಅರಸೀಕೆರೆ, ತಿಪಟೂರಿನ ಪೇಟೆ ನೋಡುತ್ತದೆ. ಕಾಫಿಯ ಅಂಕಿಗಳು ಬಾಬಾಬುಡನ್‌ಗಿರಿ, ಮೂಡಿಗೆರೆ, ಕೊಪ್ಪದ ಕಡೆಯ ಮಲೆನಾಡಿನವು. ಒಂದೇ ಜಿಲ್ಲೆಯೊಳಗೆ ಒಂದು ಬೆಳೆ ಲಂಡನ್ನಿನ ಸುಂಕಕ್ಕೆ ಕಿವಿಗೊಡಬೇಕಿತ್ತು, ಇನ್ನೊಂದಕ್ಕೆ ಅದರ ಗೊಡವೆಯೇ ಇರಲಿಲ್ಲ.

1. ತೋಟ ಇಂಗ್ಲಿಷರದು, ಗಿರಾಕಿ ಹಲವರು

ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿನ ದೊಡ್ಡ ತೋಟಗಳನ್ನು ಎಬ್ಬಿಸಿದವರಲ್ಲಿ ಬ್ರಿಟಿಷರೇ ಮುಂದು. ಹೀಗಾಗಿ ಕಾಫಿಯೂ ಬ್ರಿಟನ್ನಿಗೇ ಹೋಗುತ್ತಿತ್ತು ಎಂಬ ಎಣಿಕೆ ಸಹಜ. ಅದು ಅರ್ಧ ಮಾತ್ರ ನಿಜ. ಬ್ರಿಟನ್ ದೊಡ್ಡ ಕೊಳ್ಳುಗನಾಗಿತ್ತು, ಆದರೆ ಫ್ರಾನ್ಸ್ ಮತ್ತು ನಾರ್ವೆಯಂಥ ದೇಶಗಳೂ ಕರಾವಳಿಯಿಂದ ಸರಕು ತರಿಸಿಕೊಳ್ಳುತ್ತಿದ್ದವು. ಕಾಫಿ ಹಸನು ಮಾಡಿ ಹಡಗು ಹತ್ತಿಸುವ ವ್ಯವಹಾರದಲ್ಲೂ ಬ್ರಿಟಿಷ್ ಪಿಯರ್ಸ್ ಲೆಸ್ಲಿಯ ಜೊತೆಗೆ ಸ್ವಿಟ್ಜರ್ಲೆಂಡಿನ ವೋಲ್ಕಾರ್ಟ್ ಬ್ರದರ್ಸ್ ಇತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಹಡಗಿನ ದಾರಿ ಮೊಟಕಾಯಿತು. ತಿಂಗಳುಗಟ್ಟಲೆ ಕಡಲ ತೇವ ಕುಡಿದು ಹಳದಿಗೆ ತಿರುಗಿದ ಕಾಳಿಗೆ ಒಗ್ಗಿದ್ದ ಉತ್ತರ ಯೂರೋಪಿನ ನಾಲಿಗೆಗೆ ಆಮೇಲಿನ ಕಾಫಿ ರುಚಿಸಲಿಲ್ಲ. ಅವರಿಗೆಂದೇ ಕರಾವಳಿಯ ವರ್ತಕರು ಮುಂಗಾರಿನ ಗಾಳಿಗೆ ಕಾಳು ಹರಡಿ ‘ಮಾನ್ಸೂನ್ಡ್ ಮಲಬಾರ್’ ಸಿದ್ಧಪಡಿಸತೊಡಗಿದರು.

2. ಒಟ್ಟಾವದಿಂದ ಕಾಫಿ ಮಂಡಳಿಗೆ

1932ರ ಬೇಸಿಗೆಯಲ್ಲಿ ಕೆನಡಾದ ಒಟ್ಟಾವದಲ್ಲಿ ಸಾಮ್ರಾಜ್ಯದ ದೇಶಗಳು ಪರಸ್ಪರ ಸುಂಕದ ರಿಯಾಯಿತಿ ಕೊಟ್ಟುಕೊಂಡವು. ಭಾರತದ ಕಾಫಿಗೂ ಅದರ ಲಾಭ ಸಿಕ್ಕಿತು. ಆದರೆ ಒಟ್ಟು ಲೆಕ್ಕದಲ್ಲಿ ಭಾರತಕ್ಕೆ ನಷ್ಟವೇ ಹೆಚ್ಚೆಂಬ ವಾದ ಬಲವಾಗಿ, 1936ರಲ್ಲಿ ಕೇಂದ್ರ ಶಾಸನಸಭೆ ಒಪ್ಪಂದವನ್ನು ಕೊನೆಗಾಣಿಸಬೇಕೆಂದು ಮತ ಹಾಕಿತು. 1939ರಲ್ಲಿ ಹೊಸ ಒಪ್ಪಂದ ಬಂತು.

ರಿಯಾಯಿತಿಯ ಬಲ ಎಷ್ಟೆಂಬುದು ಯುದ್ಧ ಬಂದಾಗ ಬಯಲಾಯಿತು. ಯೂರೋಪಿನ ಬಂದರುಗಳು ಮುಚ್ಚಿದವು, ಕಾಫಿ ಗೋದಾಮಿನಲ್ಲಿ ಉಳಿಯಿತು. ಆಗ ಬೆಳೆಗಾರನನ್ನು ಉಳಿಸಿದ್ದು ಸಾಮ್ರಾಜ್ಯದ ಸುಂಕನೀತಿಯಲ್ಲ. 1940ರ ಸುಗ್ರೀವಾಜ್ಞೆ, 1942ರ ಕಾಫಿ ಕಾಯ್ದೆಗಳ ಮೂಲಕ ಬಂದ ಪೂಲ್ ಪದ್ಧತಿ: ಬೆಳೆಯನ್ನೆಲ್ಲ ಮಂಡಳಿಗೆ ಒಪ್ಪಿಸುವುದು, ಮಂಡಳಿ ಒಳನಾಡಿನಲ್ಲಿ ಮತ್ತು ಹೊರಗೆ ಮಾರುವುದು.

3. 1973: ಬಳಗ ಒಡೆದದ್ದು

1963 ಮತ್ತು 1967ರಲ್ಲಿ ಫ್ರಾನ್ಸಿನ ಅಧ್ಯಕ್ಷ ದ ಗಾಲ್ ಅಡ್ಡಹಾಕಿದ್ದ ಬ್ರಿಟನ್ 1973ರ ಜನವರಿ 1ರಂದು ಸಮುದಾಯದ ಒಳಗೆ ಬಂತು. ಅದರೊಂದಿಗೆ ಕಾಮನ್‌ವೆಲ್ತ್ ರಿಯಾಯಿತಿಗಳು ಹಂತಹಂತವಾಗಿ ಕರಗಿದವು. ಹಳೆಯ ಸಂಬಂಧಿಕರಿಗೆ ಸಿಕ್ಕ ಪರಿಹಾರ ಸಮನಾಗಿರಲಿಲ್ಲ. ನ್ಯೂಜಿಲೆಂಡಿನ ಬೆಣ್ಣೆಗೆ ಸೇರ್ಪಡೆಯ ಒಪ್ಪಂದದಲ್ಲೇ ಪ್ರತ್ಯೇಕ ವ್ಯವಸ್ಥೆಯಾಯಿತು. ಕೀನ್ಯಾ, ಉಗಾಂಡ, ತಾಂಜಾನಿಯಗಳಿಗೆ 1975ರ ಲೋಮೆ ಒಪ್ಪಂದದಲ್ಲಿ ಜಾಗ ಸಿಕ್ಕಿತು, ಅವುಗಳ ಕಾಫಿ ಸುಂಕವಿಲ್ಲದೆ ಒಳಹೊಕ್ಕಿತು. ಭಾರತಕ್ಕೆ ಲೋಮೆಯ ಬಾಗಿಲು ತೆರೆಯಲಿಲ್ಲ. 1973ರ ಡಿಸೆಂಬರಿನಲ್ಲಿ ಒಂದು ವಾಣಿಜ್ಯ ಸಹಕಾರ ಒಪ್ಪಂದ ಮಾತ್ರ ಆಯಿತು. ಇಂಗ್ಲಿಷ್ ಬಲ್ಲ ದೇಶಗಳಲ್ಲೇ ಒಳಗಿನವರು, ಹೊರಗಿನವರು ಎಂಬ ಗೆರೆ ಬಿತ್ತು.

ಇಷ್ಟಾದರೂ ಮಲೆನಾಡು ಕಂಗೆಡಲಿಲ್ಲ. ಅಷ್ಟರಲ್ಲಿ ಸೋವಿಯತ್ ಒಕ್ಕೂಟ ರೂಪಾಯಿ ವ್ಯಾಪಾರದಲ್ಲಿ ದೊಡ್ಡ ಗಿರಾಕಿಯಾಗಿತ್ತು. ನಿಜವಾದ ಪೆಟ್ಟು ಬಿದ್ದದ್ದು 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಕೋಟಾ ಕುಸಿದಾಗ, 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾದಾಗ. 1996ರ ಹೊತ್ತಿಗೆ ಎಲ್ಲ ಬೆಳೆಗಾರರಿಗೂ ಮುಕ್ತ ಮಾರಾಟದ ಹಕ್ಕು ಬಂದು ಪೂಲ್ ಮುಗಿಯಿತು.

4. ನಿರ್ಗಮನದ ನಂತರ

ಯೂರೋಪನ್ನು ಬಿಟ್ಟ ಬ್ರಿಟನ್ ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳೊಡನೆ ಮುಕ್ತ ವ್ಯಾಪಾರ ಒಪ್ಪಂದ ಮಾಡಿಕೊಂಡಿತು. ಎರಡೂ 2023ರ ಮೇ 31ರಂದು ಜಾರಿಯಾದವು. ಭಾರತದೊಡನೆ 2025ರ ಜುಲೈ 24ರಂದು ಸಹಿಯಾಯಿತು. ಸಹಿಯ ಹೊತ್ತಿಗೆ ಭಾರತದ ಕಾಫಿ ರಫ್ತಿನಲ್ಲಿ ಬ್ರಿಟನ್ನಿನ ಪಾಲು ಶೇ 2ಕ್ಕಿಂತ ಕಡಿಮೆ. ಮೊದಲ ಸ್ಥಾನ ಇಟಲಿಯದು. ಅಲ್ಲಿನ ಎಸ್ಪ್ರೆಸೊ ಮಿಶ್ರಣಕ್ಕೆ ನಮ್ಮ ರೊಬಸ್ಟಾ ಬೇಕು. ಜರ್ಮನಿ, ಬೆಲ್ಜಿಯಂಗಳೂ ದೊಡ್ಡ ಕೊಳ್ಳುಗರು.

ಹಸಿ ಕಾಫಿ ಕಾಳಿಗೆ ಯೂರೋಪಿಯನ್ ಒಕ್ಕೂಟದಲ್ಲಿ ಸುಂಕವಿಲ್ಲ. ಹುರಿದದ್ದಕ್ಕೆ ಸಾಮಾನ್ಯ ದರ ಶೇ 7.5, ಇನ್‌ಸ್ಟಂಟ್ ಕಾಫಿಯ ಸಾರಕ್ಕೆ ಶೇ 9. ಆದ್ದರಿಂದ ಕಾಳು ಮಾರುವ ಬೆಳೆಗಾರನಿಗೆ ಇಂದಿನ ಗಡಿ ಸುಂಕದ್ದಲ್ಲ, ನಿಯಮದ್ದು. 2023ರ ಯೂರೋಪಿನ ಅರಣ್ಯನಾಶ ತಡೆ ನಿಯಮವು 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿಯನ್ನು ಒಲ್ಲೆನ್ನುತ್ತದೆ. ಪ್ರತಿ ತೋಟದ ಭೂಸ್ಥಾನ, 4 ಹೆಕ್ಟೇರ್ ಮೀರಿದ್ದಕ್ಕೆ ಎಲ್ಲೆಯ ನಕ್ಷೆ ಕೇಳುತ್ತದೆ. ಇದರ ಜಾರಿ ಮುಂದೂಡಲ್ಪಟ್ಟಿದ್ದರೂ, ಲಂಡನ್ನಿನ ಯಾವ ಒಪ್ಪಂದಕ್ಕಿಂತ ಮೂಡಿಗೆರೆಯ ಸಣ್ಣ ಬೆಳೆಗಾರನ ಪಹಣಿಗೆ ಇದೇ ಹತ್ತಿರದ ವಿಷಯ.

ತೀರ್ಮಾನ

ಈ ಜಿಲ್ಲೆಯ ಮಟ್ಟಿಗೆ ಹೇಳುವುದಾದರೆ, ಭಾಷೆಯ ನಂಟು ಬಂಡವಾಳವನ್ನೂ ತೋಟದ ಕ್ರಮವನ್ನೂ ತಂದಿತು, ಶಾಶ್ವತ ಗಿರಾಕಿಯನ್ನು ತರಲಿಲ್ಲ. ಗಿರಾಕಿಯನ್ನು ತಂದದ್ದು ರುಚಿ, ಹಡಗಿನ ದಾರಿ, ಆಯಾ ಕಾಲದ ರಾಜಕೀಯ. 2025ರ ಒಪ್ಪಂದದ ಫಲವನ್ನು ಅಳೆಯುವವರು ಹಸಿ ಕಾಳಿನ ಲೆಕ್ಕಕ್ಕಿಂತ ಹುರಿದ ಕಾಫಿ ಮತ್ತು ಇನ್‌ಸ್ಟಂಟ್ ಕಾಫಿಯ ರಫ್ತನ್ನು ನೋಡಬೇಕು. ಸುಂಕ ಇಳಿದರೆ ವ್ಯತ್ಯಾಸ ಕಾಣಬೇಕಾದದ್ದು ಅಲ್ಲಿ. ಆ ಲಾಭ ತೋಟಕ್ಕೆ ತಲುಪಬೇಕಾದರೆ ಹುರಿಯುವ ಕೆಲಸವೂ ಜಿಲ್ಲೆಯಲ್ಲೇ ನಡೆಯಬೇಕು.