ಕ್ಷೌರದ ಕತ್ತಿಯೂ ನಮ್ಮ ಉಕ್ಕೂ

ರಾಜ್ಯೋತ್ಸವದ ಸಂಚಿಕೆಯೆಂದರೆ ಅದರಲ್ಲಿ ಕದಂಬರೂ ಚಾಲುಕ್ಯರೂ ಹೊಯ್ಸಳರೂ ಬರುವುದು ವಾಡಿಕೆ. ಅವರ ಗುಣಗಾನಕ್ಕೆ ನಮಗಿಂತ ಅರ್ಹರು ಸಂಘದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಬೆಳಗಿನಿಂದ ಸಂಜೆಯವರೆಗೆ ಬ್ಯಾಂಕಿನಲ್ಲಿ ಪರರ ಹಣ ಎಣಿಸುವ ನಾವು ಆರಿಸಿಕೊಂಡ ವಿಷಯ ತೀರ ಚಿಕ್ಕದು: ಕ್ಷೌರದ ಕತ್ತಿ. ಹಬ್ಬದ ದಿನ ಇದೇನು ಅಪಶಕುನವೆಂದು ಹಿರಿಯರು ಮುನಿಯಬಾರದು. ಈ ಕತ್ತಿಯ ಚರಿತ್ರೆಯಲ್ಲಿ ಕನ್ನಡದ ಮಾತೊಂದು ಅಡಗಿ ಕುಳಿತಿದೆ. ಮೇಲಾಗಿ ನಮ್ಮ ಕೈಯಿಂದಾದ ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕಾಗಿದೆ.

ತಪ್ಪನ್ನೇ ಮೊದಲು ಹೇಳಿಬಿಡುತ್ತೇವೆ. ನಮ್ಮ ತಾತನವರು ತುಮಕೂರಿನ ಕಡೆಯವರು. ಅವರು ಬಳಸುತ್ತಿದ್ದ ಮಡಿಸುವ ಕತ್ತಿಯೊಂದು ತಂದೆಯವರ ಟ್ರಂಕಿನಲ್ಲಿ ಮುಂಬಯಿಗೆ ಬಂತು. ಕೊಂಬಿನ ಹಿಡಿ, ಅಲಗಿನ ಬುಡದಲ್ಲಿ ಷೆಫೀಲ್ಡ್ ಎಂಬ ಮುದ್ರೆ. ಒಂದು ಮಳೆಗಾಲದಲ್ಲಿ ಅದಕ್ಕೆ ತುಕ್ಕು ಹತ್ತಿತು. ಅದೇ ಹೊತ್ತಿಗೆ ಸೈಕಲ್ಲಿಗೆ ಚಕ್ರ ಕಟ್ಟಿಕೊಂಡು ಚಾಕು ಕತ್ತರಿಗಳಿಗೆ ಸಾಣೆ ಹಿಡಿಯುವವನೊಬ್ಬ ಚಾಳಿನ ಮುಂದೆ ಕೂಗಿದ. ಕೊಟ್ಟೆವು. ಕಿಡಿ ಹಾರಿದ್ದು ಕಂಡು ಮಗನಿಗೆ ಆನಂದವೋ ಆನಂದ. ಎರಡೇ ನಿಮಿಷದಲ್ಲಿ ಕತ್ತಿ ಥಳಥಳ ಹೊಳೆಯಿತು. ಅಂಚಿನುದ್ದಕ್ಕೂ ನವಿಲಿನ ಕತ್ತಿನಂಥ ನೀಲಿ ಬಣ್ಣ ಮೂಡಿತು. ಅದನ್ನು ಅಂದವೆಂದೇ ನಾವು ಭಾವಿಸಿದೆವು!

ಮಾಟುಂಗದಲ್ಲಿ ಅಂಗಡಿ ಇಟ್ಟಿದ್ದ, ನಮ್ಮ ಸೀಮೆಯವರೇ ಆದ ವೃದ್ಧ ಕ್ಷೌರಿಕರೊಬ್ಬರಿಗೆ ಅದನ್ನು ತೋರಿಸಿದಾಗ ಅವರು ಬೆಳಕಿಗೆ ಹಿಡಿದು ನೋಡಿ, "ಸ್ವಾಮಿ, ಕತ್ತೀನ ಸುಟ್ಟು ತಂದಿದ್ದೀರಲ್ಲ! ಹದ ಹೋಗಿದೆ. ಇನ್ನು ಇದು ಸೊಪ್ಪು ಹೆಚ್ಚೋಕೆ ಆದೀತು, ಗಡ್ಡಕ್ಕಲ್ಲ" ಎಂದರು.

ಹದವೆಂದರೇನೆಂದು ನಮಗೆ ಅಂದಿನವರೆಗೆ ತಿಳಿದಿರಲಿಲ್ಲ. ಕತ್ತಿಯ ಉಕ್ಕನ್ನು ಕೆಂಪಗೆ ಕಾಯಿಸಿ ತಟ್ಟನೆ ತಣಿಸಿದರೆ ಅದು ಗಾಜಿನಂತೆ ಗಡುಸಾಗುತ್ತದೆ, ಗಾಜಿನಂತೆಯೇ ಒಡೆಯುತ್ತದೆ. ಆದುದರಿಂದ ಮತ್ತೆ ಸ್ವಲ್ಪವೇ ಕಾಯಿಸಿ, ಒಣಹುಲ್ಲಿನ ಬಣ್ಣ ಬಂದೊಡನೆ ನಿಲ್ಲಿಸುತ್ತಾರೆ. ಹಳದಿ ದಾಟಿ ನೀಲಿ ಬಂತೆಂದರೆ ಶಾಖ ಸುಮಾರು 300 ಡಿಗ್ರಿ ಸೆಂಟಿಗ್ರೇಡಿಗೆ ಏರಿತೆಂದರ್ಥ. ಆ ಉಕ್ಕು ಗಡಿಯಾರದ ಸ್ಪ್ರಿಂಗಿಗೆ ಸರಿ, ಕ್ಷೌರದ ಅಂಚಿಗೆ ಮೆದು. ಒಣಚಕ್ರ ಎರಡು ನಿಮಿಷದಲ್ಲಿ ಮಾಡಿದ ಕೆಲಸ ಇದು.

ಸ್ಪ್ರಿಂಗಿನ ಮಾತು ಸುಮ್ಮನೆ ಬರಲಿಲ್ಲ. ಷೆಫೀಲ್ಡಿನ ಕತ್ತಿಗೆ ಕೀರ್ತಿ ತಂದ ಉಕ್ಕು ಗಡಿಯಾರದ ಕೆಲಸಗಾರನೊಬ್ಬನಿಂದ ಹುಟ್ಟಿತು. ಡಾನ್‌ಕಾಸ್ಟರಿನ ಬೆಂಜಮಿನ್ ಹಂಟ್ಸ್‌ಮನ್ ಎಂಬಾತ ಒಳ್ಳೆಯ ಸ್ಪ್ರಿಂಗ್ ಸಿಕ್ಕದೆ ಬೇಸತ್ತು, 1740ರ ಸುಮಾರಿಗೆ ಷೆಫೀಲ್ಡಿನ ಬಳಿ ನೆಲೆಸಿ, ಮಣ್ಣಿನ ಮೂಸೆಯಲ್ಲಿ ಉಕ್ಕನ್ನು ಪೂರ್ತಿ ಕರಗಿಸುವ ವಿಧಾನವನ್ನು ಸಾಧಿಸಿದ. ಊರಿನ ಕತ್ತಿಗಾರರು ಅದು ಬಲು ಗಡುಸೆಂದು ಮೊದಲು ಮುಟ್ಟಲಿಲ್ಲವಂತೆ. ಫ್ರಾನ್ಸಿನವರು ಕೊಂಡು ಲಾಭ ಮಾಡಿಕೊಂಡ ಮೇಲೆ ಕಣ್ಣು ತೆರೆದರು. ಹಿತ್ತಲ ಗಿಡ ಮದ್ದಲ್ಲವೆಂಬುದು ನಮ್ಮಲ್ಲಿ ಮಾತ್ರವಲ್ಲ.

ಆದರೆ ಮೂಸೆಯಲ್ಲಿ ಉಕ್ಕು ಮಾಡುವುದು ನಮ್ಮ ನಾಡಿಗೆ ಅದಕ್ಕಿಂತ ಎಷ್ಟೋ ಶತಮಾನಗಳ ಹಳೆಯ ವಿದ್ಯೆ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಅದನ್ನು ಕಣ್ಣಾರೆ ಕಂಡಂತೆ ಬರೆದಿಟ್ಟಿದ್ದಾನೆ: ಕಬ್ಬಿಣದ ತುಂಡು, ಅದರೊಡನೆ ತಂಗಡಿ ಗಿಡದ ಕಡ್ಡಿ, ಮೇಲೆ ಹಸಿರೆಲೆ, ಇಷ್ಟನ್ನೂ ಮಣ್ಣಿನ ಮೂಸೆಯಲ್ಲಿಟ್ಟು ಬಾಯಿ ಮೆತ್ತಿ, ತಿದಿಯೊತ್ತಿ ಕಾಯಿಸುವುದು. ಕಡ್ಡಿಯೂ ಎಲೆಯೂ ಇದ್ದಿಲಾಗಿ ಕಬ್ಬಿಣಕ್ಕೆ ಇಂಗಾಲವನ್ನು ಕೊಡುತ್ತಿದ್ದವು. ಆ ಅಕ್ಷರ ಬಾರದ ಕಮ್ಮಾರನಿಗೆ ಇಂಗಾಲದ ಹೆಸರು ಗೊತ್ತಿರಲಿಲ್ಲ, ಪ್ರಮಾಣ ಗೊತ್ತಿತ್ತು.

ಈಗ ಮುಂಬಯಿಯ ಪಾಲು. 1794ರಲ್ಲಿ ಇಲ್ಲಿದ್ದ ಕಂಪನಿಯ ವೈದ್ಯ ಡಾಕ್ಟರ್ ಹೆಲೆನಸ್ ಸ್ಕಾಟ್ ಈ ಉಕ್ಕಿನ ಗಟ್ಟಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಸರ್ ಜೋಸೆಫ್ ಬ್ಯಾಂಕ್ಸನಿಗೆ ಕಳುಹಿಸಿದ. ಮರುವರ್ಷ, 1795ರಲ್ಲಿ, ಜಾರ್ಜ್ ಪಿಯರ್ಸನ್ ಅದನ್ನು ಪರೀಕ್ಷಿಸಿ ಪ್ರಬಂಧ ಓದಿದ. ಪ್ರಬಂಧದ ತಲೆಬರಹದಲ್ಲಿ ಅದು ಮುಂಬಯಿಯಲ್ಲಿ ತಯಾರಾಗುವ 'ವೂಟ್ಜ್' ಎಂಬ ಉಕ್ಕು ಎಂದಿದೆ! ಹಡಗು ಹತ್ತಿದ ಬಂದರನ್ನೇ ಹುಟ್ಟೂರೆಂದುಕೊಂಡರು. ನಮ್ಮನ್ನೂ ಇಲ್ಲಿನವರು ಒಮ್ಮೆ ಮದ್ರಾಸಿಗಳೆನ್ನುತ್ತಾರಷ್ಟೆ. ಇನ್ನು ವೂಟ್ಜ್ ಎಂಬ ಪದವಾದರೂ ಏನು? ಅದು ಕನ್ನಡದ 'ಉಕ್ಕು' ಎಂಬುದೇ. 'ವುಕ್' ಎಂದು ಬರೆದುದು ಅಕ್ಷರಸ್ಖಾಲಿತ್ಯದಿಂದ ಹಾಗಾಯಿತೆಂದು ಇಂಗ್ಲಿಷ್ ನಿಘಂಟುಕಾರರು ಅಭಿಪ್ರಾಯಪಡುತ್ತಾರೆ. ಹೀಗೆ ನಮ್ಮ ಮಾತು ವೇಷ ಮರೆಸಿಕೊಂಡು ಪರದೇಶದಲ್ಲಿ ಇನ್ನೂರು ವರ್ಷ ಸಂಸಾರ ಮಾಡಿದೆ.

ಆ ಗಟ್ಟಿಯಿಂದ ಒಂದು ಚಾಕುವನ್ನು ಕಷ್ಟಪಟ್ಟು ಬಡಿದು ಮಾಡಿಕೊಟ್ಟವನು ಲಂಡನ್ನಿನ ಶಸ್ತ್ರಕಾರ ಜೇಮ್ಸ್ ಸ್ಟೋಡಾರ್ಟ್. ಅವನಿಗೆ ಅದು ಎಷ್ಟು ಹಿಡಿಸಿತೆಂದರೆ, ವೈದ್ಯರ ಶಸ್ತ್ರಗಳನ್ನೂ ಕ್ಷೌರದ ಕತ್ತಿಗಳನ್ನೂ ಇಂಡಿಯಾದ ವೂಟ್ಜಿನಿಂದ ಮಾಡುತ್ತೇನೆಂದೂ, ಯೂರೋಪಿನ ಅತ್ಯುತ್ತಮ ಉಕ್ಕಿಗಿಂತ ಇದೇ ತನಗೆ ಮೇಲೆಂದೂ ಅಂಗಡಿಯ ಚೀಟಿಯಲ್ಲಿ ಅಚ್ಚು ಹಾಕಿಸಿದ. ಅವನ ಜೊತೆಗೂಡಿದವನು ಕಮ್ಮಾರನ ಮಗ ಮೈಕೇಲ್ ಫ್ಯಾರಡೆ. ವಿದ್ಯುತ್ತಿನ ಫ್ಯಾರಡೆಯೇ! 1819ರಲ್ಲಿ ನಮ್ಮ ಉಕ್ಕನ್ನು ವಿಶ್ಲೇಷಿಸಿ, ಅದರ ಗುಣ ಅಲ್ಯುಮಿನದಿಂದ ಬಂದಿತೆಂದು ಬಗೆದ. ಊಹೆ ತಪ್ಪಾಗಿತ್ತು. ಆದರೆ ಆ ತಪ್ಪಿನ ಬೆನ್ನು ಹಿಡಿದು ಇಬ್ಬರೂ ಬೆಳ್ಳಿ, ಪ್ಲಾಟಿನಂ, ರೋಡಿಯಂ ಮುಂತಾದುವನ್ನು ಉಕ್ಕಿಗೆ ಬೆರೆಸಿ 1820 ಮತ್ತು 1822ರಲ್ಲಿ ಫಲಗಳನ್ನು ಪ್ರಕಟಿಸಿದರು. ಐನೂರರಲ್ಲಿ ಒಂದು ಪಾಲು ಬೆಳ್ಳಿ ಹಾಕಿದ ಉಕ್ಕು ಚೆನ್ನಾಗಿದೆಯೆಂದರು. ಅಲ್ಲಿಂದ ಷೆಫೀಲ್ಡಿನ ಕತ್ತಿಗಳ ಮೇಲೆ 'ಸಿಲ್ವರ್ ಸ್ಟೀಲ್' ಎಂಬ ಮುದ್ರೆ ಬಂತು. ಇಂದು ಅದೇ ಹೆಸರಿನಲ್ಲಿ ಮಾರುವ ಉಕ್ಕಿನಲ್ಲಿ ಬೆಳ್ಳಿಯ ಕಣವೂ ಇಲ್ಲ. ಬರಿಯ ಹೊಳಪಿಗೆ ಆ ಹೆಸರು.

ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಸೋಲಿಂಗನ್ನಿನವರು ಅಲಗಿನ ಇಬ್ಬದಿಯನ್ನೂ ಒಳಬಾಗಿ ಅರೆದು ತೆಳ್ಳಗಿನ ಕತ್ತಿ ಮಾಡುವುದರಲ್ಲಿ ಹೆಸರು ಪಡೆದರು. ಷೆಫೀಲ್ಡಿನಲ್ಲಿ ಇದನ್ನೆಲ್ಲ ಅರೆಯುತ್ತಿದ್ದವರ ಗತಿ ಮಾತ್ರ ಹೇಳತೀರದು. ಕಲ್ಲಿನ ದೂಳು ಎದೆಗಿಳಿದು, ಅದರಲ್ಲೂ ಒಣಚಕ್ರದ ಮುಂದೆ ಕೂರುವವರು, ಎಳೆಯ ವಯಸ್ಸಿನಲ್ಲೇ ಸಾಯುತ್ತಿದ್ದರು.

ಇಷ್ಟೆಲ್ಲ ಓದಿದ ಮೇಲೆ ನಾವು ಆ ವೃದ್ಧರ ಬಳಿ ಭಾನುವಾರಗಳಂದು ಪಾಠಕ್ಕೆ ಕುಳಿತೆವು. ಕತ್ತಿ ಮಸೆಯುವುದಕ್ಕೆ ಕೋನ ಅಳೆಯಬೇಕಾಗಿಲ್ಲ. ಕತ್ತಿಯ ದಪ್ಪ ಬೆನ್ನೇ ಅಳತೆಗೋಲು. ಬೆನ್ನೂ ಅಂಚೂ ಎರಡೂ ನೀರು ಸವರಿದ ಕಲ್ಲಿಗೆ ತಾಗುವಂತೆ ಮಲಗಿಸಿ, ಅಂಚು ಮುಂದಾಗಿ ನೂಕಬೇಕು. ಕಲ್ಲಿನ ತುದಿ ಮುಟ್ಟಿದಾಗ ಕತ್ತಿಯನ್ನು ಬೆನ್ನಿನ ಮೇಲೆ ಮಗುಚಬೇಕೇ ಹೊರತು ಅಂಚಿನ ಮೇಲೆ ಅಲ್ಲ. ನಮ್ಮ ಕೈ ಒತ್ತಿದೊಡನೆ ಮುದುಕರು, "ಲೆಡ್ಜರಿಗೆ ಮೊಹರು ಹಾಕ್ತಿಲ್ಲ ಸ್ವಾಮಿ, ಹಗುರ ಹಗುರ" ಎನ್ನುವರು. ಅವರ ಹಡಪದ ಕಲ್ಲು ಸವೆದು ನಡುವೆ ತಗ್ಗಾಗಿತ್ತು. ಅದನ್ನು ಇನ್ನೊಂದು ಕಲ್ಲಿಗೆ ಉಜ್ಜಿ ಸಮ ಮಾಡುವುದೇ ಮೊದಲ ಕೆಲಸ. ಯೂರೋಪಿನಲ್ಲಿ ಇದಕ್ಕೆ ಬೆಲ್ಜಿಯಂನ ಆರ್ಡೆನ್ಸ್ ಗುಡ್ಡಗಳ ಹಳದಿ ಕಲ್ಲನ್ನು ಅಗೆದು ತರುತ್ತಿದ್ದರು. ಅದರೊಳಗಿನ ಸಣ್ಣ ಗಾರ್ನೆಟ್ ಹರಳುಗಳೇ ಉಕ್ಕನ್ನು ಅರೆಯುವುದು.

ಕಲ್ಲಾದ ಮೇಲೆ ತೊಗಲಿನ ಪಟ್ಟಿ. ಇಲ್ಲಿ ದಿಕ್ಕು ತಿರುಗುಮುರುಗು: ಬೆನ್ನು ಮುಂದೆ, ಅಂಚು ಹಿಂದೆ. ಮರೆತರೆ ಪಟ್ಟಿ ಸೀಳುತ್ತದೆ. ನಮ್ಮದು ಸೀಳಿತು ಕೂಡ. ಕಲ್ಲು ತಿಂಗಳಿಗೋ ಎರಡು ತಿಂಗಳಿಗೋ; ಪಟ್ಟಿ ದಿನವೂ. 1790ರ ದಶಕದಲ್ಲಿ ಲಂಡನ್ನಿನ ಜಾರ್ಜ್ ಪ್ಯಾಕ್‌ವುಡ್ ಈ ಪಟ್ಟಿ ಮಾರಲು ಬರೆಸಿದ ಜಾಹೀರಾತುಗಳು ಎಷ್ಟಾದವೆಂದರೆ, 1796ರಲ್ಲಿ ಅವನ್ನೇ ಕೂಡಿಸಿ ಪುಸ್ತಕ ಮಾಡಿದ!

ಗಡಸು ಉಕ್ಕು ಮೆದು ಕೂದಲಿಗೆ ಏಕೆ ಮೊಂಡಾಗಬೇಕು ಎಂಬ ಪ್ರಶ್ನೆಗೆ 2020ರಲ್ಲಷ್ಟೇ ಅಮೆರಿಕದ ಎಂ.ಐ.ಟಿ. ಸಂಸ್ಥೆಯವರು ಸೂಕ್ಷ್ಮದರ್ಶಕದಡಿಯಲ್ಲಿ ಉತ್ತರ ಕಂಡರು. ಉಕ್ಕು ಕೂದಲಿಗಿಂತ ಸುಮಾರು ಐವತ್ತು ಪಟ್ಟು ಗಡುಸು. ಆದರೂ ಕೂದಲು ಓರೆಯಾಗಿ ಬಾಗಿದಾಗ, ಉಕ್ಕಿನ ಕಣರಚನೆ ಸಮವಿಲ್ಲದ ಎಡೆಯಲ್ಲಿ ಅಂಚು ಚಕ್ಕೆ ಏಳುತ್ತದೆ.

ಮೊಂಡಾದುದನ್ನು ಮಸೆಯುವ ಬದಲು ಎಸೆದುಬಿಡಿ ಎಂದವನು ಕಿಂಗ್ ಕ್ಯಾಂಪ್ ಜಿಲೆಟ್. 1903ರಲ್ಲಿ ಅವನು ಮಾರಿದ್ದು 51 ರೇಜರ್, 168 ಬ್ಲೇಡು. ಮರುವರ್ಷವೇ ರೇಜರಿನ ಲೆಕ್ಕ ತೊಂಬತ್ತು ಸಾವಿರ ದಾಟಿತು. ಬಿ.ಕಾಂ. ಓದಿದ ನಮಗೆ ಇದರ ಗುಟ್ಟು ಸ್ಪಷ್ಟ: ಹಳೆಯ ಕತ್ತಿ ಬಂಡವಾಳದ ಖರ್ಚು, ಬ್ಲೇಡು ಆವರ್ತಕ ಖರ್ಚು. ಇಂದು ಕ್ಷೌರದಂಗಡಿಗಳಲ್ಲೂ ಅರ್ಧ ಬ್ಲೇಡು ಸಿಕ್ಕಿಸುವ ಹಿಡಿಯೇ ನಡೆಯುತ್ತದೆ. ಸೋಂಕಿನ ಭಯವಿರುವಾಗ ಅದು ಸರಿಯೇ. ಹಳೆಯ ಕತ್ತಿ ಒಬ್ಬನ ಕೈಗೆ, ಒಬ್ಬನ ಮುಖಕ್ಕೆ ತಕ್ಕದ್ದು. ಬಳಸಿದ ಮೇಲೆ ತೊಳೆದು, ಹಿಡಿಯ ಸಂದಿನವರೆಗೂ ಒರಸಿ, ಮಳೆಗಾಲದಲ್ಲಿ ಒಂದು ಹನಿ ಹೊಲಿಗೆಯಂತ್ರದ ಎಣ್ಣೆ ಸವರಬೇಕು. ಸ್ನಾನದ ಮನೆಯಲ್ಲಿ ಇಡಲೇಬಾರದು. ಹಿಡಿ ಹಳೆಯ ಸೆಲ್ಯುಲಾಯ್ಡಿನದಾದರೆ ಅದು ಕೆಡುವಾಗ ಹೊರಡುವ ಆಮ್ಲದ ಹಬೆಯಿಂದಲೇ ಅಲಗು ತುಕ್ಕು ಹಿಡಿಯುತ್ತದೆ.

ತಾತನವರ ಕತ್ತಿಯ ಸುಟ್ಟ ಅಂಚನ್ನು ತೆಗೆಯಲು ನಮಗೆ ಎಂಟು ಭಾನುವಾರ ಹಿಡಿಯಿತು. ಒರಟು ಕಲ್ಲಿನ ಮೇಲೆ, ಬೆರಳಿಗೆ ಬಿಸಿ ತಾಗದಂತೆ ನೀರು ಹನಿಸುತ್ತ, ನೀಲಿಯಷ್ಟನ್ನೂ ಸವೆಸಿ ಹೊಸ ಅಂಚು ಕಟ್ಟಿದೆವು. ಕೊನೆಯ ಕಲ್ಲು ಮುದುಕರೇ ಹಿಡಿದರು. ಅಲಗು ಮೊದಲಿಗಿಂತ ಕಿರಿದಾಗಿದೆ. ಗಡ್ಡ ಮಾತ್ರ ಸೊಗಸಾಗಿ ಹೋಗುತ್ತದೆ. ಬುಡದ ಹತ್ತಿರ ಒಂದು ಅಕ್ಕಿಕಾಳಿನಷ್ಟು ನೀಲಿ ಇನ್ನೂ ಉಳಿದಿದೆ. ಆ ಭಾಗವನ್ನು ಕೆನ್ನೆಗೆ ತಾಗಿಸುವುದಿಲ್ಲ.